ಹಂಪಮ್ಮನ ಗೋಡೆಯ ಬಿಳಿ ಗುರುತು

ಗುರುವಾರ ಬೆಳಿಗ್ಗೆ ಶಹಾಪುರದ ಹಂಪಮ್ಮ ತಾನು ಬಾಡಿಗೆಗೆ ಕೊಟ್ಟ ಕೋಣೆಯ ಮುಂದೆ ನಿಂತುಬಿಟ್ಟಳು. ಬಾಗಿಲಿನ ಎರಡೂ ಕಡೆ ಗೋಡೆಯ ಮೇಲೆ ಬೆರಳಿನಿಂದ ಇಟ್ಟ ಬಿಳಿ ಚುಕ್ಕೆಗಳು, ಗೊಂಚಲು ಗೊಂಚಲಾಗಿ.

ಕೋಣೆಯಲ್ಲಿರುವುದು ಒಡಿಶಾದ ಸಬಿತಾ ಮತ್ತು ಅವಳ ಗಂಡ. ಬಂದು ಒಂದು ವರ್ಷ. ಗಂಡ ಹತ್ತಿ ಮಿಲ್ಲಿನಲ್ಲಿ ಹಿಂದಿ ಮಾತಾಡಿ ಹೇಗೋ ನಡೆಸುತ್ತಾನೆ. ಸಬಿತಾಳಿಗೆ ಒಡಿಯಾ ಬಿಟ್ಟರೆ ಬೇರೆ ಭಾಷೆ ಬಾರದು.

"ಕಳ್ಳರು ಹಿಂಗೇ ಗುರ್ತ ಹಾಕ್ತಾರಂತ ಹಂಪಕ್ಕ, ವಾಟ್ಸಾಪಿನ್ಯಾಗ ಬಂದದ," ಎಂದಳು ಎದುರುಮನೆಯ ದುರಗಮ್ಮ. "ಹಗಲೆಲ್ಲ ಬಾಗಲಾ ಹಾಕ್ಕೊಂಡು ಕುಂದರ್ತಾಳ. ಕಳ್ಳತನ ಅಲ್ಲಂದ್ರ ಮಾಟ ಇರಬೇಕು."

ಹಂಪಮ್ಮ ಬಾಗಿಲು ಬಡಿದಳು. "ಏನವ್ವಾ ಇದು?"

ಸಬಿತಾ ತನ್ನ ಭಾಷೆಯಲ್ಲಿ ಏನೋ ಹೇಳಿ, ಒಳಗೆ ಬರುವಂತೆ ಕೈ ಮಾಡಿದಳು.

"ಒಳಗ ಕರೀಲಾಕತ್ಯಾಳ! ಹೋಗಬ್ಯಾಡ್ರಿ!" ದುರಗಮ್ಮ ಹಂಪಮ್ಮನ ಸೆರಗು ಜಗ್ಗಿದಳು.

"ಸಂಜಿಗಿ ಕೋಣಿ ಖಾಲಿ ಮಾಡು!" ಎಂದು ಹಂಪಮ್ಮ ಸಬಿತಾಳಿಗೆ ಕೂಗಿದಳು.

ಸಬಿತಾಳಿಗೆ ಮಾತು ತಿಳಿಯಲಿಲ್ಲ. ಬೀದಿಯ ಕಡೆ ಚಾಚಿದ ಕೈ ತಿಳಿಯಿತು. ಅವಳ ಕಣ್ಣುಗಳು ತುಂಬಿದವು.

ಗದ್ದಲ ಕೇಳಿ ಮಹಿಳಾ ಸಂಘದ ಭುವನೇಶ್ವರಿ ಬಂದಳು. "ಆಕೀನ ಏನಂತ ಕೇಳೀರಿ, ಹಂಪಕ್ಕ?"

"ಕೇಳಿದ್ರ ತಿಳೀಬೇಕಲ್ಲ? ವರ್ಷಾತು, ಆಕಿಗಿ ಬರೋದು ಎರಡೇ ಮಾತು. ನೀರು, ಬಾಡಿಗಿ."

"ನೀವು ಆಕಿ ಜೋಡಿ ಆಡಿದ್ದೂ ಅವೆರಡೇ ಅಲ್ಲೇನ್ರಿ?"

"ನಾನೇನ್ ಸಾಲಿ ಮಾಸ್ತರಾ?" ಹಂಪಮ್ಮ ಸಿಡುಕಿದಳು.

ಭುವನೇಶ್ವರಿ ಸಬಿತಾಳ ಹಿಂದೆ ಒಳಗೆ ಹೋದಳು. ಹಂಪಮ್ಮ ಹೊಸ್ತಿಲಲ್ಲೇ ನಿಂತು ಇಣುಕಿದಳು. ಮೂಲೆಯ ಮಣೆಯ ಮೇಲೆ ಒಂದು ಸೇರು, ಅದರ ತುಂಬ ಭತ್ತ, ಮೇಲೊಂದು ಹೂವು, ಪಕ್ಕದಲ್ಲಿ ದೀಪ.

ಹಂಪಮ್ಮ ಚಪ್ಪಲಿ ಬಿಟ್ಟಳು.

"ಯವ್ವಾ, ಇದು ನಮ್ಮ ರಾಶಿ ಪೂಜಿ ಇದ್ದಂಗದ!" ಅವಳ ತವರು ಕೊಂಕಲ್‌ನಲ್ಲಿ ಜೋಳದ ರಾಶಿಗೆ ಹೀಗೆಯೇ ಹೂ ಏರಿಸುತ್ತಾರೆ.

ಸಬಿತಾ ಭತ್ತ ಮುಟ್ಟಿ, ಗೋಡೆಯ ಚುಕ್ಕೆಗಳನ್ನು ತೋರಿಸಿದಳು. ಅವು ಭತ್ತದ ತೆನೆಗಳು. ಸಂಜೆ ಮಿಲ್ಲಿನಿಂದ ಬಂದ ಗಂಡನೂ ಅದನ್ನೇ ಹೇಳಿದ: ಮಾರ್ಗಶಿರದ ಗುರುವಾರಗಳಂದು ತಮ್ಮ ಕಡೆ ಅಕ್ಕಿಹಿಟ್ಟಿನಲ್ಲಿ ತೆನೆ ಬರೆದು ಲಕ್ಷ್ಮಿಯನ್ನು ಕರೆಯುತ್ತಾರೆ.

ಕೋಣೆ ಖಾಲಿಯಾಗಲಿಲ್ಲ.

"ಎದಕ್ಕೂ ಒಂದ್ ಕಣ್ಣಿಡ್ರಿ ಅಕ್ಕ," ಎಂದಳು ದುರಗಮ್ಮ, ಇನ್ನೂ ನಂಬದೆ.

"ಇಡ್ತೀನಿ. ದಿನಾ ಸಂಜಿಗಿ ಇಲ್ಲೇ ಕುಂತು ಇಡ್ತೀನಿ. ನೀನೂ ಬಾ." ಹಂಪಮ್ಮ ಕಟ್ಟೆಯ ಮೇಲೆ ಕೂತು ಗೋಡೆಗೆ ಬೆರಳಿಟ್ಟಳು. "ತೆನಿ."

"ತೆನಿ," ಎಂದಳು ಸಬಿತಾ. ಆಮೇಲೆ ತಾನೇ ದೀಪದ ಕಡೆ ಕೈ ತೋರಿಸಿ, ಹಂಪಮ್ಮನ ಬಾಯಿ ನೋಡುತ್ತ ಕಾದಳು.

ಓದುಗರೇ, ನಿಮ್ಮ ಓಣಿಯಲ್ಲೂ ದೂರದಿಂದ ಬಂದ ಒಂದು ಮನೆಯವರು ಇರಬಹುದು. ಅವರ ಬಗ್ಗೆ ನಿಮಗೆ ಗೊತ್ತಿರುವುದನ್ನು ಹೇಳಿದವರು ಯಾರು? ಅವರೋ, ಮೊಬೈಲೋ? ಖಚಿತವಿಲ್ಲದ ಸುದ್ದಿಯನ್ನು ಮುಂದೆ ಕಳಿಸಬೇಡಿ. ನಿಜವಾಗಿ ಸಂಶಯವಿದ್ದರೆ ಗುಂಪು ಕಟ್ಟದೆ 112ಕ್ಕೆ ಕರೆ ಮಾಡಿ. ನಾಳೆ ನಳದ ಹತ್ತಿರ ಆ ಹೆಣ್ಣುಮಗಳು ಪಕ್ಕದಲ್ಲಿ ನಿಂತಾಗ, ನೀರು, ಬಾಡಿಗೆ ಬಿಟ್ಟು ಮೂರನೆಯ ಮಾತೊಂದನ್ನು ಕಲಿಸಿ.