ಚಂದ್ರಿಕೆಗಳಿಗೆ ಇಟ್ಟ ಹೆಸರು

ಕೂಟಗಲ್ಲು ಊರಿನಿಂದ ಒಳಗೆ ಸರಿದು ನಿಂತ ಆ ಸರ್ಕಾರಿ ಶಾಲೆಗೆ ಲೂರ್ದುಮೇರಿ ಟೀಚರು ಮಕ್ಕಳಿಗಿಂತ ಕಾಲು ಗಂಟೆ ಮೊದಲೇ ಬರುತ್ತಿದ್ದರು. ಖಾಲಿ ಬೆಂಚುಗಳ ನಡುವೆ ನಡೆದು, ಒಂದೊಂದು ಜಾಗವನ್ನೂ ಬೆರಳ ತುದಿಯಿಂದ ಮುಟ್ಟಿ, ಅಲ್ಲಿ ಕೂರಬೇಕಾದ ಮಗುವಿನ ಹೆಸರನ್ನು ಮೆಲ್ಲನೆ ತಮ್ಮ ಪ್ರಭುವಿಗೆ ಹೇಳುತ್ತಿದ್ದರು. ಇಪ್ಪತ್ನಾಲ್ಕು ಹೆಸರು. ಅಷ್ಟೇ ಅವರ ಪ್ರಾರ್ಥನೆ. ಬೆಳಗಿನ ಬೆಳಕು ಆಗಿನ್ನೂ ಕರಿಹಲಗೆಯ ಅಂಚಿನಲ್ಲಿ ಅನುಮಾನಿಸುತ್ತ ನಿಂತಿರುತ್ತಿತ್ತು.

ಹನ್ನೆರಡು ವರ್ಷದ ಈ ಅಭ್ಯಾಸ ಇತ್ತೀಚೆಗೆ ಒಳಗೊಳಗೇ ಒಣಗತೊಡಗಿತ್ತು. ಕಿಟಕಿ ಪಕ್ಕದ ಕೊನೆಯ ಬೆಂಚಿನ ಪ್ರತಿಮಾ ಎರಡು ವರ್ಷದಿಂದ ಅವರ ಕೈಯಲ್ಲಿದ್ದಳು. ಒಂದು ಸಾಲನ್ನೂ ಬಾಯಿಬಿಟ್ಟು ಓದಿದವಳಲ್ಲ. ಹಲಗೆಯ ಮೇಲಿನದನ್ನು ಚಿತ್ರ ಬಿಡಿಸಿದಂತೆ ಅಚ್ಚುಕಟ್ಟಾಗಿ ನಕಲು ಮಾಡುವಳು; ಓದು ಎಂದರೆ ತಲೆ ತಗ್ಗಿಸುವಳು. ಟೀಚರು ಬಣ್ಣದ ಚೀಟಿಗಳನ್ನು ಕತ್ತರಿಸಿ ನೋಡಿದರು, ಹಾಡಿ ನೋಡಿದರು, ಬೇಡಿಕೊಂಡೂ ನೋಡಿದರು. ಹೇಳಿದ ಹೆಸರು ಮೇಲಕ್ಕೆ ತಲುಪುತ್ತಲೇ ಇಲ್ಲವೇನೋ ಎಂಬ ಸಂಶಯ ಹುಟ್ಟಿದ ದಿನ, ಕನಕಪುರದಲ್ಲಿ ತವರಿನ ಹತ್ತಿರದ ಶಾಲೆಗೆ ವರ್ಗ ಕೇಳುವ ಅರ್ಜಿಯನ್ನು ಮೊಬೈಲಿನಲ್ಲೇ ತುಂಬಿಟ್ಟರು. ಗಡುವು ಶನಿವಾರ ಸಂಜೆ ಐದಕ್ಕೆ. ಕೊನೆಯ ಗುಂಡಿಯೊಂದನ್ನು ಒತ್ತುವುದಷ್ಟೇ ಬಾಕಿ.

ಶುಕ್ರವಾರ ಮಧ್ಯಾಹ್ನ ಪ್ರತಿಮಾಳ ಅಜ್ಜಿ ಶಿವಲಿಂಗಮ್ಮ ಶಾಲೆಯ ಜಗುಲಿಗೆ ಬಂದು ನಿಂತರು. ಅವರ ಕೋರಿಕೆ ವಿಚಿತ್ರವಾಗಿತ್ತು. ಮನೆಯ ರೇಷ್ಮೆ ಹುಳು ನಾಳೆ ಹಣ್ಣಾಗುತ್ತದೆ, ಗೂಡು ಕಟ್ಟಲು ಚಂದ್ರಿಕೆಗೆ, ಆ ಬಿದಿರಿನ ತಟ್ಟಿಗಳಿಗೆ, ಬಿಡಬೇಕು. ಹೋದ ಬೆಳೆ ಕೈಕೊಟ್ಟಿತ್ತು. ಆದ್ದರಿಂದ ಟೀಚರು ಬಂದು ಬೆಂಚು ಮುಟ್ಟಿದ ಹಾಗೆ ಚಂದ್ರಿಕೆಗಳನ್ನೂ ಒಮ್ಮೆ ಮುಟ್ಟಿಕೊಡಬೇಕು. ಬಿಸಿಯೂಟದ ದೊಡ್ಡಲಕ್ಷ್ಮಮ್ಮ ಕಿಟಕಿಯಲ್ಲಿ ಕಂಡದ್ದನ್ನು ಊರಿಗೆಲ್ಲ ಹೇಳಿದ್ದಳು. ಟೀಚರ ಬಳಿ ಏನೋ ಮಂತ್ರವಿದೆಯೆಂದು ಊರು ತೀರ್ಮಾನಿಸಿತ್ತು.

ಹುಳುವಿಗೆ ರೋಗ ತಗುಲೀತೆಂದು ಹುಳುಮನೆಗೆ ಹೊರಗಿನವರನ್ನು ಬಿಡುವುದಿಲ್ಲವೆಂಬುದು ಟೀಚರಿಗೆ ಗೊತ್ತು. ಸ್ವಂತ ಬೀಗರೂ ಹೊಸ್ತಿಲಾಚೆಯೇ ನಿಂತು ಮಾತಾಡಿ ಹೋಗುವ ಕಾಲ ಅದು. ಕರೆಯ ಬೆಲೆ ಅರಿವಾಗಿ ಅವರಿಗೆ ಸಂಕೋಚವಾಯಿತು. ಅದು ಮಂತ್ರವಲ್ಲ, ಮಕ್ಕಳ ಹೆಸರನ್ನು ನಮ್ಮ ದೇವರಿಗೆ ಹೇಳುತ್ತೇನೆ ಅಷ್ಟೇ, ಹುಳುವಿಗೆ ಹೆಸರೆಲ್ಲಿದೆ ಎಂದು ಬಿಡಿಸಿ ಹೇಳಿದರು.

"ನೀವು ಬನ್ನಿ ಮೇಡಮ್ನೋರೆ. ಹೆಸ್ರು ನಾವು ಇಟ್ಕತೀವಿ" ಎಂದು ಶಿವಲಿಂಗಮ್ಮ ಹೊರಟೇಬಿಟ್ಟರು.

ಶನಿವಾರ ಪ್ರತಿಮಾ ಶಾಲೆಗೆ ಬರಲಿಲ್ಲ. ಶಾಲೆ ಬಿಟ್ಟ ಮೇಲೆ ಟೀಚರು ಆ ಮನೆಗೆ ಹೋದರು. ಹೊಸ್ತಿಲಲ್ಲಿ ಹರಡಿದ್ದ ಸುಣ್ಣದ ಪುಡಿಯನ್ನು ತುಳಿಸಿ, ಕೈ ತೊಳೆಸಿ, ಒಳಗೆ ಬಿಟ್ಟುಕೊಂಡರು. ಸೊಪ್ಪು ತಿನ್ನುವುದನ್ನು ಬಿಟ್ಟ ಹುಳುಗಳು ಜೇನಿನ ಬಣ್ಣಕ್ಕೆ ತಿರುಗಿ, ತಲೆಯೆತ್ತಿ, ಗಾಳಿಯಲ್ಲಿ ಇನ್ನೂ ಇಲ್ಲದ ಯಾವುದೋ ಗೋಡೆಯನ್ನು ತಡಕುತ್ತಿದ್ದವು. ಗೋಡೆಗೆ ಒರಗಿಸಿದ ಬಿದಿರಿನ ಚಂದ್ರಿಕೆಗಳಿಗೆಲ್ಲ ಒಂದೊಂದು ಚೀಟಿ ಅಂಟಿಸಲಾಗಿತ್ತು.

"ಮೊದ್ಲು ಹೆಸ್ರು ಹೇಳವ್ವ, ಮಿಸ್ಸು ಮುಟ್ತಾರೆ" ಎಂದರು ಅಜ್ಜಿ.

ಪ್ರತಿಮಾ ಚೀಟಿಗೆ ಬೆರಳಿಟ್ಟಳು. "ಅಶ್ವಥ್. ಚೈತನ್ಯ. ಸೌಮ್ಯಶ್ರೀ." ಮುಂದಿನದಕ್ಕೆ ಒಂದು ಕ್ಷಣ ತಡೆದು, ಒತ್ತಕ್ಷರಗಳನ್ನು ಒಂದೊಂದಾಗಿ ದಾಟಿ, "ರು-ದ್ರ-ಪ್ರ-ಸಾದ್" ಎಂದಳು. ಇಡೀ ತರಗತಿ ಅಲ್ಲಿ ಗೋಡೆಗೊರಗಿ ನಿಂತಿತ್ತು.

ಟೀಚರ ಬೆರಳು ಚಂದ್ರಿಕೆಯ ಮೇಲೇ ನಿಂತುಹೋಯಿತು. ಬಾಯಿಪಾಠವಿರಬಹುದೆಂಬ ಅನುಮಾನಕ್ಕೆ, ಉಳಿದಿದ್ದ ಚೀಟಿಯೊಂದರ ಮೇಲೆ ಪೆನ್ನಿನಿಂದ ಒಂದು ಸಾಲು ಬರೆದು ಮುಂದೆ ಹಿಡಿದರು.

"ನಮ್ಮ ಮನೆಯ ಹುಳು ಹಣ್ಣಾಗಿದೆ, ಎಲ್ಲರೂ ಕೆಲಸಕ್ಕೆ ಬನ್ನಿ" ಎಂದು ಹುಡುಗಿ ಓದಿದಳು. ಓದಿ, "ಇದು ಪಾಠದಲ್ಲಿಲ್ಲ ಮಿಸ್" ಎಂದೂ ತಿದ್ದಿದಳು.

ಶಾಲೆಯಲ್ಲಿ ಯಾಕೆ ಓದಲಿಲ್ಲವೆಂದು ಕೇಳಿದರೆ ಬಂದ ಉತ್ತರ ಸರಳವಾಗಿತ್ತು. "ತಪ್ಪಾದ್ರೆ ಜಯಕುಮಾರ ನಗ್ತಾನೆ ಮಿಸ್. ಹುಳ ನಗಾಕಿಲ್ಲ." ಒಂದು ವರ್ಷದಿಂದ ಅವಳು ಸಂಜೆ ಹೊತ್ತು ಹುಳುಗಳಿಗೆ ಪಾಠ ಓದಿ ಹೇಳುತ್ತಿದ್ದಳಂತೆ. ಹುಳುವಿನ ಸೇವೆಯೆಂದು ತಿಳಿದು ಅಜ್ಜಿ ತಡೆದಿರಲಿಲ್ಲ.

ಆಮೇಲೆ ಹುಡುಗಿ ಚೀಟಿಯ ಅಂಚನ್ನು ಉಗುರಿನಿಂದ ಕೆರೆಯುತ್ತ, ಬಹುದಿನದಿಂದ ಹಿಡಿದಿಟ್ಟಿದ್ದ ಪ್ರಶ್ನೆಯನ್ನು ಕೇಳಿದಳು. "ಬೆಳಿಗ್ಗೆ ನಾನು ಕಿಟ್ಕಿ ಕೆಳಗೆ ಕೂತು ಕೇಳಿಸ್ಕೊತೀನಿ ಮಿಸ್. ಎಲ್ರ ಜಾಗ ಬೇಗ ಮುಗಿಸ್ತೀರಿ. ನನ್ನ ಜಾಗದಲ್ಲಿ ಮಾತ್ರ ಒಸಿ ಜಾಸ್ತಿ ಹೊತ್ತು ನಿಂತ್ಕತೀರಿ. ಯಾಕೆ?"

ಮೇಲಕ್ಕೆ ತಲುಪಲಿಲ್ಲವೆಂದುಕೊಂಡಿದ್ದ ಹೆಸರು ಗೋಡೆಯ ಇನ್ನೊಂದು ಬದಿಯಲ್ಲಿ, ಎರಡು ಮೊಳದ ಅಂತರದಲ್ಲಿ, ದಿನವೂ ತಲುಪುತ್ತಿತ್ತು. ಪ್ರಭು ಸುಮ್ಮನಿದ್ದನೆಂದು ಅವನ ಮೇಲೆ ತಾವು ಮುನಿಸಿಕೊಂಡದ್ದು ನೆನೆದು ಟೀಚರಿಗೆ ನಗು ಬಂತು.

"ನಿನ್ನ ವಿಷಯ ದೇವರ ಹತ್ತಿರ ಮಾತಾಡೋದು ಜಾಸ್ತಿ ಇತ್ತಮ್ಮ" ಎಂದರು.

ಪ್ರತಿಮಾ ಅದನ್ನು ತೂಗಿ ನೋಡಿ, ಒಪ್ಪಿಗೆಯಾದವಳಂತೆ ತಲೆಯಾಡಿಸಿದಳು.

ಬಂದ ಕೆಲಸ ಇನ್ನೂ ಉಳಿದಿತ್ತು. ಲೂರ್ದುಮೇರಿ ಕಣ್ಣು ಮುಚ್ಚಿ, ಎಲ್ಲರಿಗೂ ಕೇಳುವಂತೆ, ಈ ಮನೆಯ ಕೈಗಳಿಗೆ ದುಡಿದಷ್ಟು ಸಿಗಲಿ ಪ್ರಭುವೇ ಎಂದು ಬೇಡಿದರು.

"ಇಷ್ಟೇನಾ? ಒಸಿ ಉದ್ದಕಿರ್ತದೆ ಅಂದ್ಕಂಡಿದ್ದೆ" ಎಂದ ಶಿವಲಿಂಗಮ್ಮ, ಮಾದೇಶ್ವರನನ್ನೂ ನೆನೆದು ಕೈಮುಗಿದು, ಟೀಚರ ಮುಂದೆ ಹುಳು ತುಂಬಿದ ತಟ್ಟೆಯೊಂದನ್ನು ತಂದಿಟ್ಟರು. ಒಳಗೆ ಬಂದವರು ಸುಮ್ಮನೆ ನಿಲ್ಲುವಂತಿರಲಿಲ್ಲ.

ಐದಕ್ಕೆ ಹತ್ತು ನಿಮಿಷವಿದ್ದಾಗ ಫೋನು ಬಡಿದುಕೊಂಡಿತು. ತವರಿನಿಂದ ತಂಗಿ, ಅರ್ಜಿ ಕಳಿಸಿದೆಯಾ ಅಕ್ಕ ಎಂಬ ಗಾಬರಿ. ಟೀಚರ ಎರಡೂ ಕೈಯಲ್ಲಿ ಹುಳುಗಳಿದ್ದುದರಿಂದ ಪ್ರತಿಮಾ ಫೋನನ್ನು ಅವರ ಕಿವಿಗೆ ಹಿಡಿದಿದ್ದಳು.

"ಈ ವರ್ಷ ಬೇಡ ಕಣೆ. ಸೋಮವಾರದಿಂದ ಒಬ್ಬಳನ್ನು ಮನುಷ್ಯರ ಮುಂದೆ ಓದಿಸಬೇಕು. ಒಬ್ಬನಿಗೆ ನಗದೆ ಕೇಳುವುದನ್ನು ಕಲಿಸಬೇಕು. ಎರಡನೆಯದೇ ಕಷ್ಟ" ಎಂದರು ಟೀಚರು.

ತಂಗಿ ಇನ್ನೂ ಏನೋ ಕೇಳುತ್ತಿದ್ದಳು. ಆದರೆ ಶಿವಲಿಂಗಮ್ಮ ಬಾಗಿ ಅವರ ಕೈಯನ್ನೇ ನೋಡುತ್ತಿದ್ದರು. "ಮಾತಾಡ್ತಾ ಹುಳನ ಹಿಂಡ್ಬುಟ್ಟೀರಿ ಮೇಡಮ್ನೋರೆ, ಮೆಲ್ಲಗೆ."

ಅವರು ಬೆರಳು ಸಡಿಲಿಸಿದರು. ತುಂಬಿಸಬೇಕಾದ ಚಂದ್ರಿಕೆಗಳು ಇನ್ನೂ ಹನ್ನೊಂದಿದ್ದವು.