ನನಗೆ ಗೊತ್ತಿರುವ ಉಸಿರು

"ಉಸ್ರು ಎಳ್ಕಳದ ಕಲಿಯಕ್ಕೆ ಚನ್ನಪಟ್ಣಕ್ಕೆ ಹೋಗ್ಬೇಕೇನ್ಲಾ ಮಧು? ಹುಟ್ಟಿದಾಗ ಯಾರ್ಲಾ ಹೇಳ್ಕೊಟ್ರು ನಿಂಗೆ?" ಅತ್ತೆ ಸಿದ್ದಮ್ಮ ಜಗಲಿಯಿಂದ ಕೂಗಿದರು.

ನನ್ನ ಗಂಡ ಮಧುಕುಮಾರ್ ನಡುಮನೆಯಲ್ಲಿ ಚಾಪೆ ಹಾಸಿ, ಕಣ್ಣು ಮುಚ್ಚಿ ಕುಳಿತಿದ್ದರು. ಬಿಪಿ ಜಾಸ್ತಿಯಾಗಿದೆ ಎಂದು ಡಾಕ್ಟರು ಮಾತ್ರೆಯ ಜೊತೆಗೆ, ಉಸಿರನ್ನು ಗಮನಿಸುತ್ತ ಕೂರುವ ಮೈಂಡ್‌ಫುಲ್‌ನೆಸ್ ತರಗತಿಗೂ ಹೋಗಲು ಹೇಳಿದ್ದರು. ಅಂದಿನಿಂದ ಭಾನುವಾರವೆಂದರೆ ಚನ್ನಪಟ್ಟಣ, ಬೆಳಗಾದರೆ ಈ ಚಾಪೆ.

"ಯಾವ ದೇವ್ರ ಧ್ಯಾನ ಅದು? ಅದ್ನಾರ ಹೇಳು."

"ದೇವ್ರೂ ಇಲ್ಲ ದಿಂಡ್ರೂ ಇಲ್ಲ ಕಣವ್ವ. ಇದು ಸೈನ್ಸು. ನವ್ಯಶ್ರೀ ಮೇಡಮ್ಮೇ ಹೇಳವ್ರೆ."

ತರಗತಿ ನಡೆಸುವವಳು ಆ ನವ್ಯಶ್ರೀ. ಅವಳ ಹೆಸರು ಬಂದಾಗ ಇವರ ದನಿ ತುಸು ಇಳಿಯುತ್ತಿತ್ತು, ಮಲಗಿದ ಮಗುವಿನ ಪಕ್ಕ ಮಾತಾಡುವವರ ಹಾಗೆ. ನಾನು ಗಮನಿಸಿದ್ದೆ. ಗಮನಿಸುವುದನ್ನು ನನಗೆ ಯಾರೂ ಕಲಿಸಬೇಕಾಗಿಲ್ಲ.

ದೇವರ ವಿಷಯವಾಗಿದ್ದರೆ ನನಗೆ ಕಷ್ಟವಿರಲಿಲ್ಲ. ಗಂಡ ಪೂಜೆಗೆ ಕುಳಿತರೆ ಪಕ್ಕದಲ್ಲಿ ಹೆಂಡತಿಗೂ ಒಂದು ಮಣೆ ಇರುತ್ತದೆ. ಔಷಧಿಯಾಗಿದ್ದರೂ ಸರಿಯೇ, ಮಾತ್ರೆಯ ಜೊತೆ ನೀರಿನ ಲೋಟ ಕೊಡುವವಳು ನಾನು. ಇದರೊಳಗೆ ಇರುವುದು ಅವರು, ಅವರ ಉಸಿರು, ಆ ಹೆಂಗಸಿನ ದನಿ. ನನಗೆ ಜಾಗವೆಲ್ಲಿ?

"ನಾನೂ ಒಂದು ಭಾನುವಾರ ಬರ್ಲಾ?" ಎಂದು ಕೇಳಿದೆ.

"ನಿಂಗ್ಯಾಕೆ? ನಿಂಗೇನು ಬಿಪಿ ಐತಾ? ಅದು ಟ್ರೀಟ್‌ಮೆಂಟು ಕಣೆ."

ನಾವು ಸಾಕಿದ್ದ ರೇಷ್ಮೆ ಹುಳುಗಳು ನಾಲ್ಕನೇ ಜ್ವರ ಕಳೆದು, ಕೊನೆಯ ಸಲ ಪೊರೆ ಬಿಟ್ಟು, ಬಿಡುವಿಲ್ಲದೆ ಸೊಪ್ಪು ತಿನ್ನುತ್ತಿದ್ದ ವಾರ, ನಮ್ಮ ವಿರೂಪಾಕ್ಷಿಪುರದ ಕಡೆ ಬಂದಿದ್ದ ನವ್ಯಶ್ರೀ ನಮ್ಮ ಮನೆಗೂ ಬಂದಳು. ಅಂಥ ಚೆಲುವೆಯೇನಲ್ಲ ಎಂದು ಮೊದಲ ನೋಟಕ್ಕೆ ಸಮಾಧಾನಪಟ್ಟುಕೊಂಡೆ. ನಕ್ಕಾಗ ಆ ಸಮಾಧಾನವೂ ಹೋಯಿತು.

ಹುಳು ಮನೆಯೊಳಕ್ಕೆ ಹೊರಗಿನವರನ್ನು ನಾವು ಬಿಡುವುದಿಲ್ಲ. ರೋಗ ಹತ್ತುತ್ತದೆ ಎಂದು ಗಂಡ ಹೇಳುತ್ತಾರೆ, ದೃಷ್ಟಿ ತಗಲುತ್ತದೆ ಎಂದು ಅತ್ತೆ. ಹೋದ ಬೆಳೆಯಲ್ಲಿ ಗಂಡ ನನ್ನ ತಂಗಿಯನ್ನು, ಮುಖಕ್ಕೆ ಪೌಡರ್ ಹಾಕಿದ್ದಾಳೆಂದು, ಬಾಗಿಲಲ್ಲೇ ತಡೆದಿದ್ದರು. ಈಗ ತಾವೇ ಬಾಗಿಲು ತೆಗೆದರು.

"ಹೂವ ಮಾತ್ರ ಒಸಿ ತೆಗೆದ್ಬುಡಿ ಮೇಡಂ. ವಾಸ್ನೆ ಹುಳಕ್ಕೆ ಆಗಲ್ಲ."

ಅವಳು ಮುಡಿಯಿಂದ ಮಲ್ಲಿಗೆ ತೆಗೆದು, "ಅಕ್ಕ, ಒಂದ್ನಿಮಿಷ" ಎಂದು ನನ್ನ ಕೈಗಿಟ್ಟಳು. ಕಾಲು ತೊಳೆದು ಒಳಗೆ ಹೋದಳು. ಈಗ ವಾಸನೆ ಇದ್ದದ್ದು ನನ್ನ ಕೈಯಲ್ಲಿ. ನನ್ನದೇ ಹುಳು ಮನೆಯ ಬಾಗಿಲಲ್ಲಿ ನಾನು ಹೊರಗೆ ನಿಂತೆ.

ಕಿಟಕಿಯ ಪರದೆಯಾಚೆ ಅವಳ ದನಿ ಕೇಳಿಸಿತು: "ಅಯ್ಯೋ, ಹುಳು ಸೊಪ್ಪು ತಿನ್ನೋ ಸದ್ದು ಮಳೆ ಬಂದ ಹಾಗಿದೆಯಲ್ಲ ಸಾರ್! ನಿಮ್ಮ ಧ್ಯಾನ ಇಲ್ಲೇ ಇದೆ. ಕಣ್ಮುಚ್ಚಿ ಕೇಳಿ."

ಅವರು ಕಣ್ಣು ಮುಚ್ಚಿದರು.

ಮದುವೆಯಾದ ಹೊಸದರಲ್ಲಿ, ಅದೇ ಹುಳುವಿನ ತಟ್ಟೆಗಳ ನಡುವೆ ನಿಂತು, ಮಳೆ ಬಂದ ಹಾಗಿದೆ ಅಲ್ವಾ ಎಂದು ನಾನು ಹೇಳಿದ್ದೆ. "ಸೊಪ್ಪು ಹಾಕು, ಹಸ್ಕಂಡವೆ" ಎಂದಿದ್ದರು.

ಅವಳು ಹೂವು ಮುಡಿದುಕೊಂಡು ಹೋದ ಮೇಲೆ ಕೇಳಿದೆ: "ಹೊರಗಿನವ್ರನ್ನ ಬಿಟ್ರಲ್ಲ?"

"ಅವ್ರು ಹೊರಗಿನವ್ರಾ? ಗುರು ಇದ್ದಂಗೆ ಕಣೆ."

"ನಾನು ಬರ್ತೀನಿ ಅಂದಾಗ ಟ್ರೀಟ್‌ಮೆಂಟು. ಅವಳಿಗೆ ಬಾಗ್ಲು ತೆಗೆಯೋವಾಗ ಗುರು. ಎರಡ್ರಲ್ಲಿ ಯಾವ್ದು?"

"ಕೇಳ್ತಾವ್ಳೆ, ಹೇಳ್ಲಾ ಸೈನ್ಸು," ಎಂದರು ಅತ್ತೆ.

ಗಂಡ ತಲೆ ಕೆರೆದುಕೊಂಡರು. "ಭಾನುವಾರ ಬಾ ಮತ್ತೆ. ನೀನೇ ಕೇಳ್ಬುಡು."

ತರಗತಿ ಇದ್ದದ್ದು ಚನ್ನಪಟ್ಟಣದ ಆಟಿಕೆ ಅಂಗಡಿಯೊಂದರ ಮಹಡಿಯಲ್ಲಿ. ಎಲ್ಲರೂ ಚಾಪೆ ಹಾಸಿ ಕೂರುತ್ತಿದ್ದಂತೆ ನವ್ಯಶ್ರೀಯನ್ನು ಕೇಳಿಯೇಬಿಟ್ಟೆ: "ಇದು ದೇವರದ್ದೋ, ಡಾಕ್ಟರದ್ದೋ?"

ಅವಳಿಗಿಂತ ಮುಂಚೆ, ಪಕ್ಕದ ಚಾಪೆಯ ಹಾಜಿರಾ ಆಂಟಿ ಉತ್ತರ ಕೊಟ್ಟರು. "ನಮಾಜು ಬೇರೆ, ಇದು ಬೇರೆ ಅಂತ ಮನೇಲಿ ಹೇಳಿ ಬಂದಿದ್ದೀನಮ್ಮ. ಮಂಡಿ ನೋವಿಗೆ ಅಂತ. ನೀನು ಜೋರಾಗಿ ಕೇಳಿ ನನ್ನ ಭಾನುವಾರ ತಪ್ಪಿಸ್ಬೇಡ!"

ಎಲ್ಲರೂ ನಕ್ಕರು. ನವ್ಯಶ್ರೀಯೂ ನಕ್ಕಳು. "ನಂಗೂ ಸರಿಯಾಗಿ ಗೊತ್ತಿಲ್ಲ ಅಕ್ಕ. ಕೂತು ನೋಡಿ, ಆಮೇಲೆ ನೀವೇ ಹೇಳಿ."

ಅಷ್ಟು ಸರಳವಾಗಿ ಒಪ್ಪಿಕೊಂಡಳಲ್ಲ ಎಂದು ಅದಕ್ಕೂ ಹೊಟ್ಟೆ ಉರಿಯಿತು.

ಎಲ್ಲರೂ ಕಣ್ಣು ಮುಚ್ಚಿದರು. ನಾನು ಮುಚ್ಚಲಿಲ್ಲ. ಅವಳ ನೋಟ ಎಲ್ಲೆಲ್ಲಿ ಹೋಗುತ್ತದೆಂದು ಕಾಯುತ್ತಿದ್ದೆ. ಹಾಜಿರಾ ಆಂಟಿಯ ಮೇಲೆ ಹಾದು, ಉಳಿದವರ ಮೇಲೆ ಹಾದು, ನನ್ನ ಗಂಡನ ಮೇಲೆ ನಿಂತಿತು. ನಾನೂ ಅತ್ತ ತಿರುಗಿದೆ. ಅವರ ತಲೆ ತುಸು ಬಾಗಿತ್ತು. ಉಸಿರು ಉದ್ದಕ್ಕೆ ಹೋಗಿ, ಕೊನೆಯಲ್ಲಿ ಸಣ್ಣಗೆ ತಡೆದು, ತುಟಿಯಂಚಿನಿಂದ ಪುಸ್ಸೆಂದು ಹೊರಬರುತ್ತಿತ್ತು.

ಅವಳು ನನ್ನ ಕಡೆ ತಿರುಗಿ ಹೆಮ್ಮೆಯಿಂದ ಪಿಸುಗುಟ್ಟಿದಳು: "ಎಷ್ಟು ಆಳಕ್ಕೆ ಹೋಗಿದ್ದಾರೆ ನೋಡಿ ಅಕ್ಕ."

ಆ ಉಸಿರು ನನಗೆ ಗೊತ್ತು. ಮದುವೆಯಾದಾಗಿನಿಂದ ಪಕ್ಕದಲ್ಲಿ ಮಲಗಿ ಕೇಳಿದ್ದೇನೆ. ಅವರು ನಿದ್ದೆ ಹೋಗಿದ್ದರು.

ಹೌದೆಂದು ತಲೆಯಾಡಿಸಿದೆ. ನನಗೊಬ್ಬಳಿಗೇ ಗೊತ್ತಿರುವ ಅದೊಂದನ್ನು ಅವಳ ಕೈಗಿಡುವ ಮನಸ್ಸು ನನಗಿರಲಿಲ್ಲ. ಅವಳು ಗಂಟೆ ಬಾರಿಸುವ ತನಕ, ಕಣ್ಣು ತೆರೆದುಕೊಂಡೇ, ಒಂದನ್ನೂ ಬಿಡದೆ ಆ ಉಸಿರನ್ನು ಕೇಳುತ್ತ ಕುಳಿತೆ.