ಮಂಡಿ ಚೆನ್ನಾಗಿದೆ, ಸಾರ್

ಥಾರ್ನ್‌ಶಾ ಫುಟ್‌ಬಾಲ್ ಕ್ಲಬ್ಬಿನಲ್ಲಿ ಟ್ರೇನರ್ ಅಂದರೆ ಒಂದು ಬಕೆಟ್ಟು, ಒಂದು ಸ್ಪಂಜು, ಅವೆರಡನ್ನೂ ಹೊತ್ತು ಓಡುವ ಒಬ್ಬ ಮನುಷ್ಯ. ಆ ಮನುಷ್ಯ ನಾನು, ಜೇಬ್ ಆಗ್ಡನ್. ವೈದ್ಯ ಓದಿದವನಲ್ಲ. ಇಲ್ಲಿಗೆ ಬರುವ ಮುಂಚೆ ಹದಿನಾರು ವರ್ಷ ಕಲ್ಲಿದ್ದಲು ಗಣಿಯೊಳಗೆ ಕುದುರೆಗಳನ್ನು ನೋಡಿಕೊಂಡಿದ್ದೆ. ಕುದುರೆಗೆ ನಾಲ್ಕು ಕಾಲು, ಆಟಗಾರನಿಗೆ ಎರಡು, ಕೆಲಸ ಅರ್ಧಕ್ಕರ್ಧ ಹಗುರವಾಯಿತು ಎಂದು ನಾನೇ ತಮಾಷೆ ಮಾಡುತ್ತಿದ್ದೆ. ಎಲ್ಲಿ ನೋವೆಂದು ಕುದುರೆ ಹೇಳುವುದಿಲ್ಲ. ಆಟಗಾರನೂ ಹೇಳುವುದಿಲ್ಲ. ಹೇಳಿದರೆ ಶನಿವಾರ ತಂಡದಿಂದ ಹೊರಗೆ.

ಕ್ಲೆಮ್ ಪಿಲ್ಲಿಂಗ್ ನನಗೆ ಮಾತ್ರ ಹೇಳಿದ್ದ. ನಮ್ಮ ರಕ್ಷಣೆಯ ನಡುಗಂಬ ಅವನು, ಹನ್ನೊಂದು ವರ್ಷದಿಂದ ಅದೇ ಜಾಗ. ಎಡಮಂಡಿಯೊಳಗಿನ ಮೃದು ಎಲುಬು ಹರಿದಿತ್ತು. ಆಗಾಗ ಅದು ಸಂದಿಯಲ್ಲಿ ಸಿಕ್ಕಿಕೊಂಡು ಕಾಲು ಮಡಿಚಿದ್ದು ಮಡಿಚಿದಂತೆಯೇ ನಿಂತುಬಿಡುತ್ತಿತ್ತು. ಬೂಟುಗಳನ್ನಿಡುವ ಕೋಣೆಗೆ ಕರೆದೊಯ್ದು, ಬಾಗಿಲು ಹಾಕಿ, ಅವನ ಹಿಮ್ಮಡಿ ಹಿಡಿದು ಒಳಕ್ಕೊಮ್ಮೆ ಹೊರಕ್ಕೊಮ್ಮೆ ತಿರುಗಿಸಿ ಎಳೆದರೆ ಟಕ್ಕೆಂದು ಬಿಟ್ಟುಕೊಳ್ಳುತ್ತಿತ್ತು. ಅವನು ಹಲ್ಲಿನ ನಡುವೆ ಟವಲು ಕಚ್ಚಿಕೊಂಡಿರುತ್ತಿದ್ದ. ಹೀಗೆ ಮೂರು ಸೀಸನ್ ಕಳೆದೆವು.

ಪ್ರತಿ ಗುರುವಾರ ಸಂಜೆ ಕ್ಲಬ್ಬಿನ ಅಧ್ಯಕ್ಷ ಕ್ರಾನ್ಷಾ ಬರುತ್ತಿದ್ದ. ಊರಿನಲ್ಲಿ ಮೂರು ಮಾಂಸದಂಗಡಿ ಅವನವು. ಆಟಗಾರರ ತೊಡೆಯನ್ನೂ ಅದೇ ಕಣ್ಣಿನಿಂದ ನೋಡುತ್ತಿದ್ದ, ಪುಣ್ಯಾತ್ಮ. "ಏನಪ್ಪಾ ಆಗ್ಡನ್, ಎಲ್ಲರೂ ಸರಿ ಇದಾರಾ? ಪಿಲ್ಲಿಂಗ್ ಮಂಡಿ?" ಎಂದು ಕೇಳುತ್ತಿದ್ದ. ನಾನು ಪ್ರತಿ ಗುರುವಾರವೂ ಒಂದೇ ಉತ್ತರ ಕೊಡುತ್ತಿದ್ದೆ. "ಚೆನ್ನಾಗಿದೆ, ಸಾರ್."

ಯಾಕೆ ಸುಳ್ಳು ಹೇಳಿದೆ ಎಂದರೆ ಟಾಮ್ ಪಿಲ್ಲಿಂಗ್‌ನಿಂದ. ಟಾಮ್ ಕ್ಲೆಮ್‌ನ ಅಣ್ಣ. ಗಣಿಯ ಮೂರಡಿ ಎತ್ತರದ ಪದರದಲ್ಲಿ ಮೇಲ್ಚಾವಣಿ ಕುಸಿದು ಸತ್ತ. ಅವನನ್ನು ಕೈಯಿಂದ ತೋಡಿ ಹೊರತೆಗೆದವನು ಹತ್ತೊಂಬತ್ತು ವರ್ಷದ ಕ್ಲೆಮ್. ಪಕ್ಕದಲ್ಲಿ ದೀಪ ಹಿಡಿದಿದ್ದವನು ನಾನು. ಆಮೇಲೆ ಕ್ಲೆಮ್ ಒಂದು ದಿನವೂ ಬಾಗಿಲು ಮುಚ್ಚಿ ಮಲಗಲಿಲ್ಲ. ಮೈದಾನದ ಸ್ನಾನದ ತೊಟ್ಟಿಗೆ ಇಳಿದರೂ ಕೋಣೆಯ ಬಾಗಿಲು ತೆರೆದಿರಬೇಕು. ಜನವರಿಯ ಗಾಳಿ ಒಳಗೆ ನುಗ್ಗಿ ಹುಡುಗರೆಲ್ಲ ಬೈಯುತ್ತಿದ್ದರು. ಬೂಟಿನ ಕೋಣೆಯ ಬಾಗಿಲನ್ನು ಮಾತ್ರ ಅವನು ನನಗಾಗಿ ಸಹಿಸಿಕೊಳ್ಳುತ್ತಿದ್ದ. ಫುಟ್‌ಬಾಲ್ ಬಿಟ್ಟರೆ ನಮ್ಮೂರಲ್ಲಿ ಅವನಿಗಿದ್ದದ್ದು ಗಣಿ ಒಂದೇ. ಗಿರಣಿಗಳು ಆಗಲೇ ಬಾಗಿಲು ಹಾಕಿದ್ದವು.

ಸಾವಿರದೊಂಬೈನೂರ ಮೂವತ್ತೊಂದರ ವಸಂತದಲ್ಲಿ ಅವನಿಗೊಂದು ದಾರಿ ಸಿಕ್ಕಿತು. ದಕ್ಷಿಣದ ಕಡಲತೀರದ ಪೆನ್‌ಮೌತ್ ಕ್ಲಬ್ಬಿನವರು ಕಾಗದ ಬರೆದಿದ್ದರು. ಅವರ ಎರಡನೇ ತಂಡದ ಹುಡುಗರಿಗೆ ನಾಯಕನಾಗಿ, ಆಟ ಕಲಿಸಿಕೊಂಡು, ಹುಲ್ಲು ನೋಡಿಕೊಂಡು ಇರಬೇಕು. ಓಡುವುದು ಕಡಿಮೆ, ಕೂಗುವುದು ಜಾಸ್ತಿ. ಷರತ್ತು ಒಂದೇ: ಅವನನ್ನು ಕೊಳ್ಳಲು ಅವರ ಹತ್ತಿರ ದುಡ್ಡಿಲ್ಲ, ಥಾರ್ನ್‌ಶಾ ಅವನನ್ನು ಸುಮ್ಮನೆ ಬಿಟ್ಟುಕೊಡಬೇಕು. ಲೀಗಿನಲ್ಲಿ ಆಡುವವನು ಕ್ಲಬ್ಬಿನ ಸ್ವತ್ತು. ಒಪ್ಪಂದ ಮುಗಿದ ಮೇಲೂ ಕ್ಲಬ್ಬು ಅವನ ಮೇಲೆ ಬೆಲೆ ಹಾಕಿ ಕೂರಬಹುದು. ಆ ಬೆಲೆ ಯಾರೂ ಕೊಡದಿದ್ದರೆ ಅವನು ಬೇರೆಲ್ಲೂ ಆಡುವಂತಿಲ್ಲ, ಇವರು ಸಂಬಳವನ್ನೂ ಕೊಡಬೇಕಾಗಿಲ್ಲ. ಇದನ್ನು ನ್ಯಾಯ ಎಂದು ಕರೆದವನನ್ನು ಒಂದು ದಿನ ನನ್ನ ಬಕೆಟ್ಟಿನಲ್ಲಿ ಮುಳುಗಿಸಬೇಕೆಂಬ ಆಸೆ ನನಗಿದೆ. ಯಾರನ್ನು ಬಿಡುತ್ತಾರೆ, ಯಾರಿಗೆ ಬೆಲೆ ಹಾಕುತ್ತಾರೆ ಎಂಬ ಪಟ್ಟಿ ಸೀಸನ್ ಮುಗಿದ ಸೋಮವಾರ ಕ್ಲಬ್ಬಿನ ಬಾಗಿಲಿಗೆ ಬೀಳುತ್ತಿತ್ತು.

"ಮೂವತ್ತೊಂದು ವರ್ಷದವನಿಗೆ ಯಾವ ಬೆಲೆ? ಸುಮ್ನೆ ಬಿಡ್ತಾರೆ," ಎಂದು ನಮ್ಮ ಕ್ಲಬ್ಬಿನ ಕಾರ್ಯದರ್ಶಿ ಕ್ಲೆಮ್‌ಗೆ ಮಾತು ಕೊಟ್ಟಿದ್ದ. ಕ್ಲೆಮ್‌ನ ಹೆಂಡತಿ ಎಡಿತ್ ಆಗಲೇ ಕಪ್ಪು-ಬಸಿಗಳನ್ನು ಹಳೆ ಪೇಪರಿನಲ್ಲಿ ಸುತ್ತಿಟ್ಟಿದ್ದಳು. ಮನೆಯಲ್ಲಿ ಎರಡೇ ಕಪ್ಪು ಹೊರಗಿದ್ದವು. ನಾನು ಹೋದಾಗ ಕ್ಲೆಮ್ ತನ್ನ ಕಪ್ಪನ್ನು ನನಗೆ ಕೊಟ್ಟು ತಾನು ಜಾಮಿನ ಸೀಸೆಯಲ್ಲಿ ಚಹಾ ಕುಡಿದ.

ಸೀಸನ್ನಿನ ಕೊನೆಯ ಶನಿವಾರ ನಾವು ಗೆಲ್ಲಲೇಬೇಕಿತ್ತು. ಇಲ್ಲವಾದರೆ ಕೊನೆಯ ಎರಡು ಸ್ಥಾನಕ್ಕೆ ಬಿದ್ದು, ಲೀಗಿನಲ್ಲಿ ಉಳಿಸಿಕೊಳ್ಳಿರೆಂದು ಮಿಕ್ಕ ಕ್ಲಬ್ಬುಗಳ ಕಾಲು ಹಿಡಿಯಬೇಕು. ಬಟ್ಟೆ ಬದಲಿಸುವಾಗ ಕ್ಲೆಮ್ ನನ್ನ ಕಿವಿಯಲ್ಲಿ ಹೇಳಿದ.

"ಜೇಬ್, ಇವತ್ತೊಂದು ದಿನ ಸದ್ದಿಲ್ದೆ ಕಳೆದ್ಬಿಡ್ತೀನಿ ಕಣೋ. ಹಿಂದೇನೇ ನಿಂತ್ಕೊಂಡು ಬಂದ ಚೆಂಡು ಒದೀತೀನಿ. ಪೇಪರಲ್ಲಿ ನನ್ನ ಹೆಸರು ಬಂದು ಬೆಲೆ ಬೀಳದೇ ಇದ್ರೆ ಸಾಕು."

"ನಿನ್ನ ಹೆಸರು ಯಾವಾಗ ಬಂದಿತ್ತು ಮಾರಾಯ? ಸತ್ತೋರ ಕಾಲಮ್ಮಲ್ಲೂ ಬರಲ್ಲ," ಎಂದೆ. ಅವನು ನಕ್ಕ. ಆ ಮಾತನ್ನು ಈಗ ವಾಪಸ್ ತೆಗೆದುಕೊಳ್ಳಲು ಆಗುವುದಿಲ್ಲ.

ಇಪ್ಪತ್ತೈದನೆಯ ನಿಮಿಷಕ್ಕೆ ಮಂಡಿ ಕೈಕೊಟ್ಟಿತು. ಒಂಟಿ ಕಾಲಲ್ಲಿ ತಿರುಗಿದ, ಕೆಸರಿಗೆ ಬಿದ್ದ. ನಾನು ಬಕೆಟ್ಟಿನೊಂದಿಗೆ ಓಡಿದೆ. ಈ ಸಲ ಸಿಕ್ಕಿಕೊಂಡದ್ದಲ್ಲ, ಒಳಗೆ ಏನೋ ಪೂರ್ತಿ ಕಿತ್ತುಹೋಗಿತ್ತು. ನನ್ನ ಅಂಗೈ ಕೆಳಗೆ ಅದು ಉಬ್ಬುತ್ತಿರುವುದು ಗೊತ್ತಾಗುತ್ತಿತ್ತು.

"ಹೊರಗೆ ಹೋಗೋಣ ನಡಿ."

"ಬೇಡ. ಹತ್ತೇ ಜನ ಆಗ್ತಾರೆ. ನನ್ನಿಂದ ಸೋತ್ರು ಅನ್ನಿಸ್ಕೊಂಡು ಊರು ಬಿಡಲಾ? ಅಂಚಿಗೆ ಕಳ್ಸು."

ಬದಲಿ ಆಟಗಾರ ಎಂಬುದು ನಮ್ಮ ಆಟದಲ್ಲಿಲ್ಲ. ಪೆಟ್ಟಾದವನನ್ನು ಎಡ ಅಂಚಿಗೆ ನೂಕುವುದು ವಾಡಿಕೆ. ಅಲ್ಲಿ ಅವನು ಕುಂಟುತ್ತ ನಿಂತಿದ್ದರೆ ಎದುರಾಳಿಯ ಒಬ್ಬನಾದರೂ ಅವನ ಮೇಲೆ ಕಣ್ಣಿಟ್ಟಿರಬೇಕಾಗುತ್ತದೆ, ಅಷ್ಟೇ ಲಾಭ. ನಾನು ಬ್ಯಾಂಡೇಜು ಬಿಗಿದು, ತಣ್ಣೀರು ಸುರಿದು, ಅವನನ್ನು ಅಂಚಿಗೆ ಕಳಿಸಿದೆ. ಎದುರಾಳಿಯ ಬೆಂಬಲಿಗನೊಬ್ಬ ಬೇಲಿಯಾಚೆಯಿಂದ ಕೂಗಿದ. "ಏ ತಾತಾ, ಟ್ರಾಮು ಆ ಕಡೆ ಬರುತ್ತೆ!"

ಒಂದು ಗಂಟೆ ಹಾಗೆಯೇ ನಿಂತಿದ್ದ. ಕೊನೆಯ ಏಳು ನಿಮಿಷ ಉಳಿದಿದ್ದಾಗ ಬಲಗಡೆಯಿಂದ ಚೆಂಡು ಎತ್ತರಕ್ಕೆ ಹಾರಿ ಎಲ್ಲರ ತಲೆ ದಾಟಿ ಅವನ ಕಡೆ ಬಂತು. ಅವನನ್ನು ಕಾಯುತ್ತಿದ್ದ ಎದುರಾಳಿ ಅಷ್ಟೊತ್ತಿಗೆ ಅವನ ಮೇಲಿನ ಕಣ್ಣು ತೆಗೆದಿದ್ದ. ಕ್ಲೆಮ್ ಸುಮ್ಮನೆ ನಿಂತಿದ್ದರೆ ಚೆಂಡು ಹೊರಗೆ ಹೋಗುತ್ತಿತ್ತು. ಆದರೆ ಹನ್ನೊಂದು ವರ್ಷ ತಲೆಯ ಮೇಲೆ ಬಂದ ಚೆಂಡನ್ನೆಲ್ಲ ಹೊಡೆದ ಮನುಷ್ಯ ಅವನು. ಬಲಗಾಲೊಂದರಿಂದಲೇ ನೆಗೆದ. ನೆಂದು ಕಲ್ಲಾಗಿದ್ದ ಚರ್ಮದ ಚೆಂಡು ಅವನ ಹಣೆಗೆ ಬಡಿದ ಸದ್ದು ನನಗೆ ಬೆಂಚಿನವರೆಗೆ ಕೇಳಿಸಿತು. ಗೋಲು. ಒಂದು ಸೊನ್ನೆ.

ಜನ ಬೇಲಿ ಹಾರಿ ಬಂದು ಅವನನ್ನು ಹೆಗಲ ಮೇಲೆ ಹೊತ್ತರು. ನಾನೂ ಕುಣಿದೆ, ಸುಳ್ಳು ಯಾಕೆ ಹೇಳಲಿ? ಬಕೆಟ್ಟಿನ ನೀರೆಲ್ಲ ನನ್ನ ಪ್ಯಾಂಟಿನ ಮೇಲೆ ಚೆಲ್ಲಿತ್ತು.

ಆಮೇಲೆ ಕ್ಲೆಮ್ ತೊಟ್ಟಿಯಲ್ಲಿ ಕೂತಿದ್ದ, ಕಾಲು ಕೊಳೆ ನೀರಿನ ಕೆಳಗಿತ್ತು. ಕ್ರಾನ್ಷಾ ಚುಟ್ಟಾ ಸೇದುತ್ತ ಒಳಗೆ ಬಂದ. "ಭಲೇ ಪಿಲ್ಲಿಂಗ್! ಅಲ್ಲಾ ಆಗ್ಡನ್, ಬಿದ್ದಿದ್ನಲ್ಲ, ಮಂಡಿ ಏನಾಯ್ತು?"

ನಾನು ಯೋಚಿಸಲಿಲ್ಲ. ಯೋಚಿಸಿದ್ದರೆ, "ಮುಗೀತು ಸಾರ್, ಇನ್ನು ಇವನು ಮೂರು ಕಾಸಿಗೂ ಬಾಳಲ್ಲ" ಎಂದು ಹೇಳಬಹುದಿತ್ತು. ಅದೇ ನಿಜವಾಗಿತ್ತು, ಅದೇ ಅವನನ್ನು ಉಳಿಸುತ್ತಿತ್ತು. ಆದರೆ ಮೂರು ವರ್ಷದ ನಾಲಿಗೆ ತಾನೇ ಹೊರಳಿತು. ಜೊತೆಗೆ ಗೆದ್ದ ಖುಷಿಯೂ ಇತ್ತು.

"ಬರೀ ಉಳುಕು ಸಾರ್. ಮಂಡಿ ಚೆನ್ನಾಗಿದೆ. ಇನ್ನೂ ಎರಡು ಸೀಸನ್ ಆಡೋ ಕಾಲು ಅದು."

"ಹೌದಾ?" ಎಂದ ಕ್ರಾನ್ಷಾ, ನೀರಿನ ಕಡೆ ನೋಡುತ್ತ. "ಹೌದಾ?"

ಕ್ಲೆಮ್ ತಲೆ ಎತ್ತಿ ನನ್ನನ್ನು ನೋಡಿದ. ಆಗ ನನಗೆ ಅರ್ಥವಾಯಿತು. ಅವನು ಸೋಪು ತೆಗೆದುಕೊಂಡು ಕತ್ತು ಉಜ್ಜಿಕೊಂಡ.

ಸೋಮವಾರ ಪಟ್ಟಿ ಬಿತ್ತು. ಆರು ಜನರನ್ನು ಸುಮ್ಮನೆ ಬಿಟ್ಟಿದ್ದರು. ಅದರ ಕೆಳಗೆ ಬೇರೆಯಾಗಿ: ಪಿಲ್ಲಿಂಗ್, ಏಳುನೂರೈವತ್ತು ಪೌಂಡು.

ನಾನು ನೆಟ್ಟಗೆ ಕ್ರಾನ್ಷಾನ ದೊಡ್ಡ ಅಂಗಡಿಗೆ ಹೋದೆ. ಅವನು ಕುರಿಯ ಬೆನ್ನು ಸೀಳುತ್ತಿದ್ದ.

"ಸಾರ್, ಆ ಮಂಡಿ ಮುಗಿದಿದೆ. ನಾನು ಸುಳ್ಳು ಹೇಳ್ದೆ."

"ಯಾವಾಗ ಹೇಳ್ದೆ?"

"ಶನಿವಾರ."

"ಬರೀ ಶನಿವಾರನಾ?" ಅವನು ಕತ್ತಿ ಕೆಳಗಿಟ್ಟ. ಕೋಪವಿರಲಿಲ್ಲ, ಅದೇ ನನಗೆ ಹೆದರಿಕೆ ಹುಟ್ಟಿಸಿದ್ದು. "ಮೂರು ವರ್ಷದಿಂದ ನಾನು ಕೇಳ್ತಾನೇ ಇದೀನಿ, ನೀನು ಚೆನ್ನಾಗಿದೆ ಅಂತಾನೇ ಇದೀಯ. ಈಗ ಬಂದು ಕೆಟ್ಟೋಗಿದೆ ಅಂತೀಯ. ಸರಿಯಪ್ಪ, ಸಂಜೆ ಸಭೇಲಿ ಹೇಳ್ತೀನಿ. ಪಿಲ್ಲಿಂಗ್‌ನ ಬಿಡ್ತಾರೋ ಏನೋ. ಆದ್ರೆ ಮೂರು ವರ್ಷ ಕೆಟ್ಟ ಮಾಲನ್ನ ಒಳ್ಳೇದು ಅಂತ ತೋರಿಸ್ದೋನು ಇನ್ನು ಕ್ಲಬ್ಬಲ್ಲಿ ಇರೋ ಹಾಗಿಲ್ಲ. ಹೇಳು ಆಗ್ಡನ್, ಏನಂತ ಹೇಳ್ಲಿ? ಮಂಡಿ ಹೇಗಿದೆ?"

ಅಂಗಡಿಯಲ್ಲಿ ಇಬ್ಬರು ಹೆಂಗಸರು ಕಾಯುತ್ತಿದ್ದರು. ನನಗಾಗ ನಲವತ್ತೊಂಬತ್ತು. ನನಗೂ ಹೊರಗೆ ಇದ್ದದ್ದು ಗಣಿ ಒಂದೇ, ಆ ಹೊತ್ತಿಗೆ ಅಲ್ಲಿ ಕುದುರೆಗಳನ್ನೂ ಕಡಿಮೆ ಮಾಡುತ್ತಿದ್ದರು.

"ಚೆನ್ನಾಗಿದೆ, ಸಾರ್," ಎಂದೆ.

"ಹಾಗನ್ನು." ಅವನು ಅರ್ಧ ಪೌಂಡು ಸಾಸೇಜು ಕಾಗದದಲ್ಲಿ ಸುತ್ತಿ ನನ್ನ ಕಡೆ ತಳ್ಳಿದ. ನಾನು ತೆಗೆದುಕೊಂಡೆ. ಮನೆಗೆ ಹೋಗಿ ಹುರಿದು ತಿಂದೆ. ಚೆನ್ನಾಗಿಯೇ ಇತ್ತು.

ಕ್ಲೆಮ್ ಲೀಗಿಗೆ ಮನವಿ ಬರೆದ. ಉತ್ತರ ಸೆಪ್ಟೆಂಬರಿನಲ್ಲಿ ಬಂತು: ಬೆಲೆಯನ್ನು ಅರ್ಧಕ್ಕೆ ಇಳಿಸಿದೆ. ಪೆನ್‌ಮೌತಿನವರ ಹತ್ತಿರ ಅರ್ಧವೂ ಇರಲಿಲ್ಲ, ಅಷ್ಟರಲ್ಲಿ ಬೇರೊಬ್ಬನನ್ನು ಇಟ್ಟುಕೊಂಡಿದ್ದರು. ಎಡಿತ್ ಕಪ್ಪುಗಳನ್ನು ಬಿಚ್ಚಿ ಮತ್ತೆ ಕಪಾಟಿಗೆ ಜೋಡಿಸಿದಳು. ಅಕ್ಟೋಬರಿನಲ್ಲಿ ಕ್ಲೆಮ್ ಗಣಿಗೆ ಇಳಿದ. ಕೆಲಸಕ್ಕೆ ಸೇರಿಸಿಕೊಳ್ಳುವ ಮುನ್ನ ಕಂಪನಿಯವರು ಕುಂಟು ಇದೆಯಾ ಎಂದು ಕೇಳಿದರಂತೆ. ಇಲ್ಲ ಎಂದನಂತೆ. ಮೊದಲ ವಾರ ಅವನು ಕೆಳಗಿಳಿಯುವ ಪಂಜರದಲ್ಲಿ ಕಣ್ಣು ಮುಚ್ಚಿಕೊಂಡು ಗೋಡೆಗೆ ಹಣೆ ಒತ್ತಿ ನಿಲ್ಲುತ್ತಿದ್ದ ಎಂದು ಜೊತೆಯವರು ಹೇಳಿದರು. ಯಾರೂ ತಮಾಷೆ ಮಾಡಲಿಲ್ಲ. ಟಾಮ್ ಸತ್ತದ್ದು ಎಲ್ಲರಿಗೂ ನೆನಪಿತ್ತು.

ಫೆಬ್ರವರಿಯಲ್ಲಿ ಚಾವಣಿ ಸದ್ದು ಮಾಡಿತು. ಬೀಳುವ ಮುಂಚೆ ಅದು ಸದ್ದು ಮಾಡುತ್ತದೆ, ತೆವಳಿ ಹೊರಬರಲು ಅರ್ಧ ನಿಮಿಷ ಸಿಗುತ್ತದೆ. ಮೂವರಿದ್ದರು. ಇಬ್ಬರು ಬಂದರು. ಅವರಲ್ಲೊಬ್ಬ ವಾಲ್ಟರ್ ಹೇ, ಅವನೇ ನನಗೆ ಹೇಳಿದ್ದು. "ಹಿಂದಿರುಗಿ ದೀಪ ಹಿಡಿದೆ. ಕ್ಲೆಮ್ ಕಾಲು ಮಡಿಚ್ಕೊಂಡು ಕೂತಿದ್ದ. 'ಸಿಕ್ಕೊಂಡಿದೆ, ನೀವು ಹೋಗಿ' ಅಂದ. ಎರಡೂ ಕೈಲಿ ಹಿಮ್ಮಡಿ ಹಿಡ್ಕೊಂಡು ಒಳಕ್ಕೆ ಹೊರಕ್ಕೆ ತಿರುಗಿಸ್ತಾ ಇದ್ದ, ಯಾಕೆ ಅಂತ ಗೊತ್ತಾಗ್ಲಿಲ್ಲ."

ನನಗೆ ಗೊತ್ತಾಯಿತು. ಆ ಕೆಲಸ ಒಬ್ಬನೇ ಮಾಡಿಕೊಳ್ಳಲು ಬರುವುದಿಲ್ಲ. ಎಳೆಯುವುದಕ್ಕೆ ಇನ್ನೊಬ್ಬ ಬೇಕು.

ಸಾವಿನ ವಿಚಾರಣೆ ಹೋಟೆಲೊಂದರ ಮೇಲಿನ ಕೋಣೆಯಲ್ಲಿ ನಡೆಯಿತು. ಎಡಿತ್ ಮುಂದಿನ ಸಾಲಿನಲ್ಲಿ ಕ್ಲೆಮ್‌ನ ಕೋಟು ಹಾಕಿಕೊಂಡು ಕೂತಿದ್ದಳು. ಕಂಪನಿಯ ವಕೀಲ ಪರಿಹಾರ ಕೊಡದಿರಲು ನೆಪ ಹುಡುಕುತ್ತಿದ್ದ. ಸತ್ತವನು ಕೆಟ್ಟ ಕಾಲನ್ನು ಬಚ್ಚಿಟ್ಟು ಕೆಲಸಕ್ಕೆ ಸೇರಿದ್ದ, ತಪ್ಪು ಅವನದೇ ಎಂದು ತೋರಿಸಬೇಕಿತ್ತು. ಅದಕ್ಕೇ ನನ್ನನ್ನು ಕರೆಸಿದ್ದ. ನಾನು ಬೈಬಲ್ ಮುಟ್ಟಿ ಪ್ರಮಾಣ ಮಾಡಿದೆ.

"ನೀವು ಅವರ ಟ್ರೇನರ್. ಆ ಕಾಲನ್ನ ನಿಮಗಿಂತ ಚೆನ್ನಾಗಿ ಬಲ್ಲವರಿಲ್ಲ. ಅವರು ಕ್ಲಬ್ ಬಿಟ್ಟಾಗ ಎಡಮಂಡಿ ಹೇಗಿತ್ತು?"

ಜನರ ನಡುವೆ ಕ್ರಾನ್ಷಾ ಕೂಡ ಇದ್ದ, ಕರಿ ಟೈ ಕಟ್ಟಿಕೊಂಡು. ನಾನು ಅವನ ಕಡೆ ನೋಡಲಿಲ್ಲ.

"ಚೆನ್ನಾಗಿತ್ತು, ಸಾರ್," ಎಂದೆ.

ವಕೀಲ ಎರಡು ಸಲ ಕೇಳಿದ. ಎರಡು ಸಲವೂ ಅದನ್ನೇ ಹೇಳಿದೆ. ಎಡಿತ್‌ಗೆ ಪರಿಹಾರ ಸಿಕ್ಕಿತು. ಅಷ್ಟು ವರ್ಷ ಹೇಳಿದ ಸುಳ್ಳಿನಲ್ಲಿ ಕೆಲಸಕ್ಕೆ ಬಂದದ್ದು ಅದೊಂದೇ.

ಹೊರಗೆ ಹಿಮ ಕರಗಿ ರಸ್ತೆಯ ಕಲ್ಲೆಲ್ಲ ಒದ್ದೆಯಾಗಿತ್ತು. ಎಡಿತ್ ನನಗಾಗಿ ಮೆಟ್ಟಿಲ ಕೆಳಗೆ ಕಾಯುತ್ತಿದ್ದಳು. ಥ್ಯಾಂಕ್ಸ್ ಹೇಳುತ್ತಾಳೇನೋ ಎಂದುಕೊಂಡೆ, ಅಷ್ಟು ದಡ್ಡ ನಾನು.

"ಅವತ್ತು ತೊಟ್ಟಿ ಹತ್ರ ನೀವು ಏನಂದ್ರಿ ಅಂತ ಕ್ಲೆಮ್ ನಂಗೆ ಹೇಳಿದ್ದ," ಎಂದಳು. "ಬಾಯ್ತಪ್ಪಿ ಬಂತು, ಜೇಬ್ ಮೇಲೆ ಕೋಪ ಮಾಡ್ಕೋಬೇಡ ಅಂದಿದ್ದ. ಅವನು ಕೊನೇವರೆಗೂ ಮಾಡ್ಕೊಳ್ಳಿಲ್ಲ. ನಾನು ಮಾಡ್ಕೊಂಡಿದೀನಿ. ಮನೆ ಕಡೆ ಬರಬೇಡಿ."

ಬಾಯಿತಪ್ಪಿ ಬಂದದ್ದು ಶನಿವಾರದ್ದು. ಸೋಮವಾರದ್ದು ಹಾಗಲ್ಲ. ಮಾಂಸದಂಗಡಿಯ ವಿಷಯ ಕ್ಲೆಮ್‌ಗೆ ಗೊತ್ತಿರಲಿಲ್ಲ, ಅವಳಿಗೂ ಗೊತ್ತಿಲ್ಲ. ಅದನ್ನು ಹೇಳಿಬಿಡಬೇಕೆಂದು ಬಾಯಿ ತೆರೆದೆ.

"ಹುಷಾರಾಗಿ ಹೋಗಮ್ಮ, ಕಲ್ಲು ಜಾರುತ್ತೆ," ಎಂದೆ.